ಒಂದೇ ತಲೆ, ಎರಡು ಕೆಲಸ

1964ರ ಡಿಸೆಂಬರ್ 27ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಫೈನಲ್. ಬಾಲ್ಟಿಮೋರ್ ಕೋಲ್ಟ್ಸ್ ಗೆದ್ದಂತೆಯೇ ಎಂದು ಬಹುತೇಕರು ನಂಬಿದ್ದರು. ಮೊದಲರ್ಧದಲ್ಲಿ ಎರಡೂ ಕಡೆ ಸೊನ್ನೆ. ಆಮೇಲೆ ಆತಿಥೇಯ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಫ್ರಾಂಕ್ ರಯನ್ ಎಸೆದ ಚೆಂಡನ್ನು ಗ್ಯಾರಿ ಕಾಲಿನ್ಸ್ ಮೂರು ಸಲ ಹಿಡಿದು ಟಚ್‌ಡೌನ್ ಮಾಡಿದರು. ಪಂದ್ಯ 27-0ಕ್ಕೆ ಮುಗಿಯಿತು. ಮರುವರ್ಷ ಟೆಕ್ಸಸ್‌ನ ರೈಸ್ ವಿಶ್ವವಿದ್ಯಾಲಯ ಇದೇ ರಯನ್‌ಗೆ ಗಣಿತದಲ್ಲಿ ಪಿಎಚ್‌ಡಿ ಕೊಟ್ಟಿತು.

ಇದನ್ನು ಕೇಳಿದವರು ಹುಬ್ಬೇರಿಸುತ್ತಾರೆ. ಆ ಅಚ್ಚರಿಯಲ್ಲಿ ಹೊಗಳಿಕೆಯ ಜೊತೆಗೆ ಚೂರು ಅವಮಾನವೂ ಇದೆ: ಮೈಯಿಂದ ದುಡಿಯುವವನಿಗೆ ಬುದ್ಧಿ ಕಡಿಮೆ ಇರಬೇಕಾದದ್ದು ಸಹಜ ಎಂಬ ಭಾವನೆ. ಇದನ್ನು ಅಲ್ಲಗಳೆಯಲು ಹೊರಟವರು ಸಾಮಾನ್ಯವಾಗಿ ಇನ್ನೊಂದು ತುದಿಗೆ ಹೋಗುತ್ತಾರೆ. ಚೆಂಡಿನ ಪಥವೂ ಗಣಿತವೇ, ಹಾಗಾಗಿ ಆಟ, ಗಣಿತ ಎರಡೂ ಒಂದೇ ಎನ್ನುತ್ತಾರೆ. ಕೇಳಲು ಚೆಂದ, ಆದರೆ ನನಗೆ ಒಪ್ಪಿಗೆಯಿಲ್ಲ. ರಯನ್ ಅವರ ಪ್ರಬಂಧದ ವಿಷಯವನ್ನೇ ನೋಡಿ. ಒಂದು ವೃತ್ತದೊಳಗೆ ನಯವಾಗಿ ವರ್ತಿಸುವ ಫಂಕ್ಷನ್ ಇದೆ. ಒಳಗಿನಿಂದ ಯಾವುದೋ ದಾರಿ ಹಿಡಿದು ಅಂಚಿನತ್ತ ಸಾಗಿದಂತೆ ಅದು ಕೆಲವೊಮ್ಮೆ ಒಂದು ಬೆಲೆಗೆ ಹತ್ತಿರ ಹತ್ತಿರವಾಗುತ್ತದೆ. ಅಂಥ ಬೆಲೆಗಳನ್ನೆಲ್ಲ ಒಟ್ಟುಗೂಡಿಸಿದರೆ ಸಿಗುವ ಗಣ ಎಂಥದ್ದಾಗಿರಬಲ್ಲದು? ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಯಾವ ಎಸೆತವೂ ಒಂದಿಂಚು ನೆಟ್ಟಗಾಗುವುದಿಲ್ಲ.

ಎರಡೂ ಕೆಲಸಗಳು ಬೇರೆಯಷ್ಟೇ ಅಲ್ಲ, ಒಂದಕ್ಕೊಂದು ವಿರುದ್ಧ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಕೈಗೆ ಬಂದ ಮೇಲೆ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಮೂರ್ನಾಲ್ಕು ಸೆಕೆಂಡು. ಎದುರಾಳಿಗಳು ಮೈಮೇಲೆ ನುಗ್ಗುತ್ತಿರುತ್ತಾರೆ, ತನ್ನವರು ಓಡುತ್ತಿರುತ್ತಾರೆ. ಸಹ ಆಟಗಾರ ಇನ್ನೂ ತಲುಪದ ಜಾಗಕ್ಕೆ ಚೆಂಡನ್ನು ಎಸೆಯಬೇಕು. ಖಾತ್ರಿಯಾಗಲಿ ಎಂದು ಕಾದವನು ನೆಲಕ್ಕುರುಳುತ್ತಾನೆ. ಗಣಿತಜ್ಞನ ಧರ್ಮ ಇದರ ತಲೆಕೆಳಗು. ತೊಂಬತ್ತೊಂಬತ್ತು ಪಾಲು ನಿಜವೆನಿಸಿದರೂ ಉಳಿದ ಒಂದು ಪಾಲು ಸಾಬೀತಾಗುವವರೆಗೆ ಅವನು ಬಾಯಿ ಬಿಡಬಾರದು. ಒಬ್ಬನಿಗೆ ಅನುಮಾನ ಶತ್ರು, ಇನ್ನೊಬ್ಬನಿಗೆ ಅದೇ ಕಸುಬು. ರಯನ್ ಅವರಲ್ಲಿ ನನಗೆ ದೊಡ್ಡದೆನಿಸುವುದು ಎರಡು ಪ್ರತಿಭೆಗಳ ಮೊತ್ತವಲ್ಲ. ಯಾವ ಗಳಿಗೆ ಯಾವ ಬಗೆಯ ನಂಬಿಕೆಯನ್ನು ಕೇಳುತ್ತದೆ ಎಂಬುದನ್ನು ಕಲಸಿಹಾಕದೆ ಬದುಕಿದ್ದು.

ಆ ಕಾಲವೂ ಅದಕ್ಕೆ ಎಡೆ ಮಾಡಿಕೊಟ್ಟಿತ್ತು. 1960ರ ದಶಕದಲ್ಲಿ ಸೀಸನ್ ಮುಗಿದರೆ ಆಟಗಾರರು ಬೇರೆ ಉದ್ಯೋಗ ಹುಡುಕಿಕೊಳ್ಳುವುದು ಮಾಮೂಲು. ರಯನ್ ಕ್ಲೀವ್‌ಲ್ಯಾಂಡ್‌ನ ಕೇಸ್ ಸಂಸ್ಥೆಯಲ್ಲಿ ಗಣಿತ ಪಾಠ ಮಾಡಿದರು. ಆಮೇಲೆ ಅಮೆರಿಕದ ಪ್ರತಿನಿಧಿ ಸಭೆಯ ಕಂಪ್ಯೂಟರ್ ವಿಭಾಗ ನಡೆಸಿದರು. ಅಲ್ಲಿ 1973ರಲ್ಲಿ ಎಲೆಕ್ಟ್ರಾನಿಕ್ ಮತದಾನ ಬಂದಾಗ ಹೆಸರು ಕೂಗಿ ಮತ ಎಣಿಸುವ ದೀರ್ಘ ಪದ್ಧತಿಯ ಜಾಗದಲ್ಲಿ ಹದಿನೈದು ನಿಮಿಷದ ಮತದಾನ ನೆಲೆಯಾಯಿತು. ನಂತರ ಯೇಲ್ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ನಿರ್ದೇಶಕರಾದರು. ಇಂದಿನ ವೃತ್ತಿಪರ ಆಟಗಾರನ ಇಡೀ ವರ್ಷ ತರಬೇತಿ, ಡಯಟ್, ವಿಡಿಯೊ ವಿಶ್ಲೇಷಣೆಗಳಿಗೇ ಮೀಸಲು. ರಯನ್‌ರಂಥವರು ಈಗ ಅಪರೂಪವಾಗಿದ್ದರೆ ಮನುಷ್ಯರು ಕುಗ್ಗಿದ್ದಾರೆ ಎಂದಲ್ಲ, ಬಿಡುವು ಕುಗ್ಗಿದೆ.

ಆದರೆ ದೇಹ ಒಂದು ಕಡೆ, ಬುದ್ಧಿ ಇನ್ನೊಂದು ಕಡೆ ಎಂಬ ವಿಂಗಡಣೆಯನ್ನು ಮುರಿಯುವ ಕಹಿ ಸಂಗತಿ ಬೇರೆಯೇ ಇದೆ. ರಯನ್ 2024ರ ಜನವರಿ 1ರಂದು 87ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅಲ್ಜೈಮರ್ ಕಾಡಿತ್ತು. ತಲೆಗೆ ಪದೇಪದೇ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಮೆದುಳಿನ ಕಾಯಿಲೆಯೂ ಇತ್ತೆಂದು ಮರಣಾನಂತರದ ಪರೀಕ್ಷೆಯಿಂದ ಗೊತ್ತಾಯಿತು. ಪ್ರಮೇಯ ಸಾಧಿಸಿದ್ದೂ, ಹೆಲ್ಮೆಟ್ಟಿನೊಳಗೆ ಪೆಟ್ಟು ತಿಂದಿದ್ದೂ ಒಂದೇ ತಲೆ. ಎರಡು ಬದುಕು ಬಾಳಿದ ಮನುಷ್ಯ ಎಂದು ಬರೆಯುವುದು ಸುಲಭ, ಮೆದುಳಿಗೆ ಆ ಲೆಕ್ಕ ತಿಳಿಯದು.

ರಯನ್ ಆಡುತ್ತಿದ್ದ ಕಾಲದಲ್ಲಿ ಈ ಅಪಾಯದ ಅರಿವು ಆಟಗಾರರಿಗೆ ಇರಲಿಲ್ಲವೆಂದೇ ಹೇಳಬೇಕು. ಜಾನ್ ಅರ್ಷೆಲ್‌ಗೆ ಇತ್ತು. ಬಾಲ್ಟಿಮೋರ್ ರೇವನ್ಸ್‌ನ ಈ ಲೈನ್‌ಮನ್ ಆಡುತ್ತಲೇ ಎಂಐಟಿಯಲ್ಲಿ ಗಣಿತದ ಡಾಕ್ಟರೇಟಿಗೆ ಓದುತ್ತಿದ್ದರು. 2017ರ ಜುಲೈನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು: ಪರೀಕ್ಷಿಸಿದ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳುಗಳ ಪೈಕಿ 110ರಲ್ಲಿ ಸಿಟಿಇ. ಈ ಅಂಕಿಯಲ್ಲೊಂದು ತೊಡಕಿದೆ. ಅವು ದಾನವಾಗಿ ಬಂದ ಮೆದುಳುಗಳು, ರೋಗಲಕ್ಷಣ ಕಂಡ ಕುಟುಂಬಗಳೇ ಹೆಚ್ಚಾಗಿ ಮುಂದೆ ಬಂದಿರಬಹುದು. ಆದ್ದರಿಂದ ಎಲ್ಲ ಆಟಗಾರರಿಗೂ ಇಷ್ಟೇ ಅಪಾಯವೆಂದು ಅದರಿಂದ ಸಾಧಿಸಲಾಗದು. ಗಣಿತ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಧ್ಯಯನ ಹೊರಬಂದ ಎರಡು ದಿನಗಳ ಬಳಿಕ 26 ವರ್ಷದ ಅರ್ಷೆಲ್ ನಿವೃತ್ತಿ ಘೋಷಿಸಿದರು. ಅದೊಂದೇ ಕಾರಣವೆಂದು ಹೇಳಲಾಗದು; ಆದರೂ ಪೂರ್ಣ ಪುರಾವೆಗೆ ಕಾಯುವ ಶಿಸ್ತಿನಲ್ಲಿ ಪಳಗಿದವರು ಇಲ್ಲಿ ಅದಕ್ಕಾಗಿ ಕಾಯಲಿಲ್ಲ. ಕ್ವಾರ್ಟರ್‌ಬ್ಯಾಕ್ ಅಲ್ಲದ ಅವರು ತೆಗೆದುಕೊಂಡದ್ದು ಕ್ವಾರ್ಟರ್‌ಬ್ಯಾಕ್‌ನ ತೀರ್ಮಾನ.