ಕಿಟಕಿಯ ಜಾಲರಿಯೂ ಅಹಿಂಸಾಣುವ್ರತವೂ

ಸೊಳ್ಳೆ ನೊಣಗಳು ನಾಲ್ಕು ಇಂದ್ರಿಯಗಳುಳ್ಳ ತ್ರಸಜೀವಗಳು. ಅವನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದು ಅಣುವ್ರತಿಗೆ ಸಲ್ಲದು. ಆದುದರಿಂದ ಕಿಟಕಿ ಬಾಗಿಲುಗಳಿಗೆ ಜಾಲರಿ ಹಾಕಿಸಿ ಕೊಲ್ಲುವ ಸಂದರ್ಭವನ್ನೇ ತಪ್ಪಿಸುವುದು ಉಚಿತ. ಆದರೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಈ ವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಸೊಳ್ಳೆಯನ್ನು ತಡೆಯುವುದು ಅದರ ಆಹಾರವನ್ನು ತಡೆದಂತಲ್ಲವೇ ಎಂದು ಕೇಳಬಹುದು. ಹಾಗಲ್ಲ. ಆ ಅತಿಚಾರವು ಗೋವು ಮೊದಲಾಗಿ ನಮ್ಮ ಅಧೀನದಲ್ಲಿರುವ ಪ್ರಾಣಿಗಳಿಗೆ ಸಂಬಂಧಿಸಿದುದು. ಹೊರಗಿನ ಸೊಳ್ಳೆಯು ಸ್ವತಂತ್ರ, ಹೂವಿನ ರಸವೂ ಅದಕ್ಕೆ ಆಹಾರವೇ.

ಒಳಗೆ ಸಿಕ್ಕಿಕೊಂಡ ಹುಳದ ಸ್ಥಿತಿಯಾದರೋ ಬೇರೆ. ಬೆಳಕಿಗೆ ಮರುಳಾಗಿ ಬಂದು ಹೊರದಾರಿ ಕಾಣದ ಆ ಜೀವಕ್ಕೆ ನಮ್ಮ ಜಾಲರಿಯೇ ಬಂಧ. ಬಂಧವೂ ಆ ಐದರಲ್ಲಿ ಒಂದು. ನೀರು ಸೋಸಿದ ಅರಿವೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮರಳಿ ಬಿಡುವಂತೆ, ಆ ಹುಳವನ್ನು ಮೆಲ್ಲನೆ ಹೊರಗೆ ಬಿಟ್ಟಾಗಲೇ ಜಾಲರಿ ಹಾಕಿಸಿದವನ ವ್ರತವು ಪೂರ್ಣವಾಗುತ್ತದೆ.