ನಾಯಿಯ ಟೊಂಕ, ಮನೆಯವರ ಕೆಲಸ

ತೊಡೆಮೂಳೆಯ ತುದಿಯ ಗುಂಡನ್ನೇ ಕತ್ತರಿಸಿ ತೆಗೆದ ಮೇಲೂ ನಾಯಿ ನಡೆಯುತ್ತದೆ, ಓಡುತ್ತದೆ ಎಂದರೆ ನಮ್ಮ ಕಡೆ ಮಂದಿ ನಂಬುವುದಿಲ್ಲ. ‘ಟೊಂಕ ಮುರದೈತ್ರಿ, ಇನ್ನ ಅದನ್ನ ಬಿಡ್ರಿ’ ಎಂಬುದು ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ತೋಟದ ವಸ್ತಿಗಳಲ್ಲಿ ಕೇಳಿಬರುವ ಮಾತು. ಬಿಡುವುದೆಂದರೆ ಹೊಡೆದು ಅಟ್ಟುವುದಲ್ಲ. ಮೂಲೆಯಲ್ಲೊಂದು ಗೋಣಿಚೀಲ ಹಾಸಿ, ಹೊತ್ತಿಗೊಂದಿಷ್ಟು ರೊಟ್ಟಿ ಚೂರು ಹಾಕಿ, ಉಳಿದದ್ದನ್ನು ಅದರ ಹಣೆಬರಹಕ್ಕೆ ಒಪ್ಪಿಸುವುದು. ಹಾಗೆನ್ನುವವರು ಕಲ್ಲು ಮನಸ್ಸಿನವರೇನಲ್ಲ. ಬೇರೆ ದಾರಿ ಇದೆಯೆಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ವಿಜಯಪುರದ ಬಡಾವಣೆಗಳಲ್ಲಿ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೇನೂ ಬರವಿಲ್ಲ. ತೊಡೆಯ ಗುಂಡು ಟೊಂಕದ ಬಟ್ಟಲಿನಲ್ಲಿ ಸರಿಯಾಗಿ ಕೂರದೆ ಸಂದು ಸಡಿಲಾಗುವ ‘ಹಿಪ್ ಡಿಸ್‌ಪ್ಲೇಸಿಯಾ’ ಈ ಜಾತಿಗಳಲ್ಲಿ ಹೆಚ್ಚು. ಅದು ವಂಶದಲ್ಲಿ ಇಳಿದು ಬರುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದನಗಳ ಸಂತೆಯಲ್ಲಿ ಎತ್ತನ್ನು ಹತ್ತು ಸಲ ನಡೆಸಿ, ಗೊರಸು ಎತ್ತಿ ನೋಡಿ ಕೊಳ್ಳುವ ನಾವು, ಸಾವಿರಾರು ರೂಪಾಯಿ ಎಣಿಸಿ ನಾಯಿಮರಿ ತರುವಾಗ ಅದರ ತಂದೆ-ತಾಯಿಯ ಟೊಂಕದ ಎಕ್ಸ್‌ರೇ ಕೇಳುವುದಿಲ್ಲ. ಮರಿ ದುಂಡಗಿದ್ದರೆ ಸಾಕು. ಊರ ನಾಯಿಗಳದು ಬೇರೆ ಕಥೆ. ಕೃಷ್ಣೆಯ ಆಚೆಗಿರುವ ಮುಧೋಳದ ನಾಯಿಗಾಗಿ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಮುಧೋಳದ್ದು ತೆಳುಮೈಯ ಓಟದ ನಾಯಿ. ಗ್ರೇಹೌಂಡ್‌ನಂತಹ ಅದೇ ಮೈಕಟ್ಟಿನ ಜಾತಿಗಳಲ್ಲಿ ಈ ದೋಷ ಅಪರೂಪ. ವಸ್ತಿಯ ನಾಯಿಗಳ ಟೊಂಕ ಕೆಡುವುದು ರಸ್ತೆಯಲ್ಲಿ. ಅಥಣಿ ರಸ್ತೆಯ ಲಾರಿಯೋ ಕಬ್ಬಿನ ಟ್ರ್ಯಾಕ್ಟರೋ ತಾಗಿದರೆ ಗುಂಡು ಬಟ್ಟಲಿನಿಂದ ಜಾರುತ್ತದೆ, ಇಲ್ಲವೇ ಮೂಳೆಯೇ ಮುರಿಯುತ್ತದೆ.

ಮನುಷ್ಯರಿಗೆ ಮಾಡುವಂತೆ ಕೃತಕ ಸಂದು ಕೂರಿಸುವ ಚಿಕಿತ್ಸೆ ನಾಯಿಗಳಿಗೂ ಇದೆ. ಖರ್ಚು ಬಹಳ, ಮಾಡುವವರು ಕಡಿಮೆ. ಗುಂಡನ್ನೂ ಅದರ ಕತ್ತನ್ನೂ ಕತ್ತರಿಸಿ ತೆಗೆಯುವ ಆಪರೇಷನ್ ಅದಕ್ಕಿಂತ ಸುಲಭದ್ದು. ಬ್ರಿಟನ್ನಿನ ಪಶುವೈದ್ಯ ಸ್ಪ್ರೂಲ್ ನಾಯಿಗಳಲ್ಲಿ ಇದನ್ನು ಮಾಡಿ 1961ರಲ್ಲಿ ವರದಿ ಬರೆದರು. ಮೂಳೆಗೆ ಮೂಳೆ ಉಜ್ಜುವುದು ನಿಂತರೆ ನೋವು ನಿಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ನಾರಿನಂಥ ಗಟ್ಟಿ ಅಂಗಾಂಶ ಬೆಳೆದು, ಸುತ್ತಲಿನ ಸ್ನಾಯುಗಳೇ ಕಾಲನ್ನು ಹಿಡಿದು ನಿಲ್ಲಿಸುತ್ತವೆ. ಕಾಲು ತುಸು ಗಿಡ್ಡವಾಗಬಹುದು. ಇಪ್ಪತ್ತು ಕಿಲೋ ಒಳಗಿನ ನಾಯಿಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಭಾರದ ನಾಯಿಗಳಿಗೆ ಹೆಚ್ಚು ದಿನ, ಹೆಚ್ಚು ತಾಳ್ಮೆ ಬೇಕು.

ಆದರೆ ಆ ಸ್ನಾಯುಗಳು ಕಾಲನ್ನು ಹಿಡಿಯಬೇಕಾದರೆ ಕಾಲು ಆಡಬೇಕು. ಎಲ್ಲ ಬಿಗಡಾಯಿಸುವುದು ಇಲ್ಲಿಯೇ. ವೈದ್ಯರ ಕೆಲಸ ಒಂದೆರಡು ತಾಸಿನದು, ಆಮೇಲಿನ ಆರೆಂಟು ವಾರ ಮನೆಯವರದು. ‘ಪಾಪ, ನೋಯ್ಲಾಕತ್ತೈತಿ, ಮಲಗ್ಲಿ ಬಿಡ್ರಿ’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಮಲಗಲು ಬಿಟ್ಟರೆ ಸಂದು ಬಿಗಿಯುತ್ತದೆ, ತೊಡೆ ಸೊರಗುತ್ತದೆ, ನಾಯಿ ಮೂರೇ ಕಾಲಿನಲ್ಲಿ ಕುಂಟುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಮೂಳೆಗೆ ಪ್ಲೇಟು ಹಾಕಿದಾಗ, ಕೃತಕ ಸಂದು ಕೂರಿಸಿದಾಗ ಮಾತ್ರ ಲೆಕ್ಕ ತಿರುಗುಮುರುಗು. ಅಲ್ಲಿ ವಿಶ್ರಾಂತಿಯೇ ಮದ್ದು. ಆದ್ದರಿಂದ ಮನೆಗೆ ಕರೆತರುವ ಮುನ್ನ ಡಾಕ್ಟರಿಗೆ ಕೇಳಬೇಕಾದ ಮಾತು ‘ಏನು ತಿನ್ನಿಸಲಿ’ ಎಂಬುದಲ್ಲ, ‘ಕಾಲು ಯಾವಾಗಿನಿಂದ ಆಡಿಸಲಿ’ ಎಂಬುದು.

ಮೊದಲ ದಿನಗಳಲ್ಲಿ ಹಳೆಯ ಟವೆಲ್ಲೊಂದನ್ನು ಹೊಟ್ಟೆಯಡಿ, ಹಿಂಗಾಲುಗಳ ಮುಂದೆ ತೂರಿಸಿ ಎರಡೂ ತುದಿ ಮೇಲಕ್ಕೆ ಹಿಡಿಯಬೇಕು. ಎತ್ತಬಾರದು, ಬೀಳದಂತೆ ಆಸರೆ ಕೊಟ್ಟರೆ ಸಾಕು. ಮೂತ್ರಕ್ಕೆಂದು ಅಂಗಳಕ್ಕೆ ಹೋಗಿ ಬರುವುದೇ ಮೊದಲ ನಡಿಗೆ. ಓಡಿಸಿದರೆ ನಾಯಿ ಕಾಲು ಎತ್ತಿಕೊಂಡು ಜಿಗಿಯುತ್ತದೆ. ಸರಪಳಿ ಗಿಡ್ಡ ಹಿಡಿದು, ಹೆಣ ಹೊತ್ತವರ ನಡಿಗೆಗಿಂತ ನಿಧಾನವಾಗಿ ನಡೆಸಿದರೆ ಮಾತ್ರ ಪಾದ ನೆಲಕ್ಕೆ ಊರುತ್ತದೆ. ಒಂದೆರಡು ವಾರದಲ್ಲಿ ಬೆರಳ ತುದಿ ನೆಲ ಮುಟ್ಟುವುದು ಕಂಡರೆ ದಾರಿ ಸರಿಯಿದೆ ಎಂದರ್ಥ. ಹೊಸ ಮನೆಗಳ ಜಾರುವ ಟೈಲ್ಸ್ ಈ ನಾಯಿಗೆ ವೈರಿ. ನಡೆದಾಡುವ ದಾರಿಗೆ ಜಮಖಾನ, ಮಲಗಲು ನಾಲ್ಕು ಮಡಿಕೆಯ ಕೌದಿ, ಮೆಟ್ಟಿಲಿಗೆ ಅಡ್ಡ ಹಲಗೆ ಇದ್ದರೆ ಅರ್ಧ ಕೆಲಸ ಮುಗಿದಂತೆ. ಹೊಲಿಗೆ ಬಿಚ್ಚುವವರೆಗಿನ ಹತ್ತು-ಹದಿನಾಲ್ಕು ದಿನ ಕೊರಳಿಗೆ ಪ್ಲಾಸ್ಟಿಕ್ ಕಾಲರ್ ಇರಲಿ. ನೋಡಿದವರು ನಗಲಿ, ನೆಕ್ಕಿ ಹೊಲಿಗೆ ಹರಿದುಕೊಂಡರೆ ಅಳುವವರು ನಾವೇ.

ಇನ್ನು ಗುಳಿಗೆ. ಮನೆಯ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್ ನಮಗೆ ಮದ್ದು, ನಾಯಿಗೆ ವಿಷವಾಗಬಲ್ಲವು. ತಿಕೋಟಾದ ಮಂದಿಗೆ ಇನ್ನೊಂದು ಮಾತು ಹೇಳಲೇಬೇಕು. ಈ ತಾಲ್ಲೂಕು ದ್ರಾಕ್ಷಿಯದು. ಬೇಸಿಗೆಯಲ್ಲಿ ಶೆಡ್ಡುಗಳ ಬಲೆಗಳ ಮೇಲೆ ಒಣದ್ರಾಕ್ಷಿ ಹರಡಿದ್ದರೆ, ತಣ್ಣೆಳಲು ಹುಡುಕಿ ನಾಯಿ ಅದರಡಿಯೇ ಮಲಗುತ್ತದೆ, ಉದುರಿದ್ದನ್ನು ತಿನ್ನುತ್ತದೆ. ಮನೆಯಲ್ಲಿ ಯಾರೋ ಪ್ರೀತಿಯಿಂದ ಗುಳಿಗೆಯನ್ನು ಒಣದ್ರಾಕ್ಷಿಯ ಉಂಡೆಯಲ್ಲಿ ಅಡಗಿಸಿ ಕೊಡುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು. ಅವುಗಳಲ್ಲಿನ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಒಂದು ನಾಯಿ ಬೊಗಸೆ ತಿಂದು ಅರಗಿಸಿಕೊಂಡೀತು, ಇನ್ನೊಂದಕ್ಕೆ ನಾಲ್ಕಾರು ಸಾಕಾದೀತು. ಇಷ್ಟಾದರೆ ಅಪಾಯವಿಲ್ಲ ಎಂಬ ಅಳತೆ ಇಲ್ಲ. ನೋವಿನ ಔಷಧಿ ಮೊದಲೇ ಮೂತ್ರಪಿಂಡಕ್ಕೆ ಹೊರೆ, ಅದರ ಮೇಲೆ ಇದು ಸೇರಬಾರದು. ಗುಳಿಗೆ ಅಡಗಿಸಲು ಒಂದು ತುತ್ತು ಮೊಸರನ್ನ ಸಾಕು.

ಊಟದಲ್ಲೂ ಕೈ ಬಿಗಿ ಇರಬೇಕು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿಕೊಂಡ ಅಧ್ಯಯನವೊಂದಿದೆ. ಅರ್ಧದಷ್ಟು ನಾಯಿಗಳಿಗೆ ತಮ್ಮ ಜೊತೆಯವಕ್ಕಿಂತ ಕಾಲುಭಾಗ ಕಡಿಮೆ ಊಟ. ಕಡಿಮೆ ಉಂಡವು ಸುಮಾರು 2 ವರ್ಷ ಹೆಚ್ಚು ಬದುಕಿದವು, ಅವುಗಳ ಟೊಂಕದ ಸಂದೂ ತಡವಾಗಿ ಸವೆಯಿತು. ಕಾಯಿಲೆ ನಾಯಿಯೆಂದು ಎರಡು ಚಪಾತಿ ಜಾಸ್ತಿ ತುಪ್ಪ ಸವರಿ ಹಾಕುವುದು ಕನಿಕರವಲ್ಲ, ಆಪರೇಷನ್ ಆದ ಕಾಲಿನ ಮೇಲೆ ಹೇರುವ ಹೊರೆ.

ಇಷ್ಟೆಲ್ಲ ಬೇಕಾಗದಂತೆಯೂ ನೋಡಿಕೊಳ್ಳಬಹುದು. ಗಾಡಿ ತಾಗಿ ಜಾರಿದ ಗುಂಡನ್ನು ಮೊದಲ ಒಂದೆರಡು ದಿನಗಳಲ್ಲಿ, ಮೂಳೆ ಮುರಿದಿರದಿದ್ದರೆ, ಅರಿವಳಿಕೆ ಕೊಟ್ಟು ಕೊಯ್ಯದೆಯೇ ಮತ್ತೆ ಬಟ್ಟಲಿಗೆ ಕೂರಿಸಲು ಬಹಳ ಸಲ ಆಗುತ್ತದೆ. ದಿನ ಕಳೆದಂತೆ ಸ್ನಾಯು ಬಿಗಿದು, ಬಟ್ಟಲು ತುಂಬಿ, ಆ ಅವಕಾಶ ಕೈ ತಪ್ಪುತ್ತದೆ. ನಿಮ್ಮ ವಸ್ತಿಯ ನಾಯಿ ಹಿಂಗಾಲು ಎತ್ತಿಕೊಂಡು ಬಂದರೆ, ‘ನಾಳೆ ನೋಡೂಣು’ ಅನ್ನಬೇಡಿ. ಎಣ್ಣೆ ತಿಕ್ಕಬೇಡಿ, ಕಾಲು ಜಗ್ಗಬೇಡಿ. ಟಂಟಂನಲ್ಲಿ ಹಲಗೆಯೊಂದರ ಮೇಲೆ ಮಲಗಿಸಿ, ಅಂದೇ ಎಕ್ಸ್‌ರೇ ಇರುವ ಪಶು ಆಸ್ಪತ್ರೆಗೆ ಒಯ್ಯಿರಿ.