ಬೀಗ ಹಾಕಿದ ಮನೆಯೂ ಪರಿಗ್ರಹಪರಿಮಾಣವ್ರತವೂ

ಮುನಿಗಳು ಮನೆಯನ್ನು ತೊರೆದವರು. ಶ್ರಾವಕನು ಮನೆಯಲ್ಲಿದ್ದುಕೊಂಡೇ ಧರ್ಮವನ್ನು ಸಾಧಿಸತಕ್ಕವನು. ಆದುದರಿಂದಲೇ ಶಾಸ್ತ್ರಗಳಲ್ಲಿ ಅವನಿಗೆ ಅಗಾರಿ ಎಂಬ ಹೆಸರು ಸಂದಿದೆ. ಆದರೆ ಬಾಳುವುದಕ್ಕೆ ಮನೆ ಬೇಕೆಂಬುದು ಬೇರೆ, ಯಾರೂ ಬಾಳದ ಮನೆಯೂ ತನ್ನದಾಗಿಯೇ ಇರಬೇಕೆಂಬುದು ಬೇರೆ. ಮೊದಲನೆಯದು ಅವಶ್ಯಕತೆ, ಎರಡನೆಯದು ಮಮಕಾರ.

ಬಾಹ್ಯಪರಿಗ್ರಹವು 10 ಬಗೆ. ಅವುಗಳಲ್ಲಿ ಮೊದಲು ಎಣಿಸಲ್ಪಡುವುವು ಕ್ಷೇತ್ರ ಮತ್ತು ವಾಸ್ತು, ಎಂದರೆ ಹೊಲ ಮತ್ತು ಮನೆ. ಐದನೆಯ ಅಣುವ್ರತವಾದ ಪರಿಗ್ರಹಪರಿಮಾಣದ ಅತಿಚಾರಗಳನ್ನು ಹೇಳುವಾಗಲೂ ಆಚಾರ್ಯ ಉಮಾಸ್ವಾಮಿಗಳು ಇವುಗಳನ್ನೇ ಮೊದಲಿಗೆ ಇಟ್ಟಿದ್ದಾರೆ. ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ಅದರ ಮೇಲಿನ ಮೂರ್ಛೆಯಲ್ಲಿದೆ ಎಂಬುದು ಅವರ ಅಭಿಪ್ರಾಯ. ಬೀಗದ ಕೈ ಸೊಂಟದಲ್ಲಿರುವವರೆಗೆ ನೂರು ಗಾವುದ ದೂರದ ಮನೆಯೂ ಮನಸ್ಸನ್ನು ಕಟ್ಟಿಹಾಕುತ್ತದೆ.

ಮುಚ್ಚಿದ ಮನೆಯ ಪ್ರಶ್ನೆಯನ್ನು ಇಂದು ಕೆಲವು ದೇಶಗಳ ಶಾಸನಗಳೂ, ಧರ್ಮದ ಹೆಸರೆತ್ತದೆ, ಬೇರೊಂದು ದಾರಿಯಿಂದ ಕೈಗೆತ್ತಿಕೊಂಡಿವೆ. ಇಂಗ್ಲೆಂಡಿನಲ್ಲಿ 2 ವರ್ಷ ಖಾಲಿ ಬಿದ್ದ ಮನೆಗೆ ಸ್ಥಳೀಯ ಮನೆತೆರಿಗೆಯ ಮೇಲೆ ಶೇ. 50ರವರೆಗೆ ಹೆಚ್ಚಿನ ತೆರಿಗೆ ಹಾಕುವ ಅಧಿಕಾರವು 2013ರಲ್ಲಿ ಸ್ಥಳೀಯ ಸಭೆಗಳಿಗೆ ದೊರೆಯಿತು. 2019ರಲ್ಲಿ ಅದು ಶೇ. 100ಕ್ಕೆ ಏರಿತು, 2021ರಿಂದ 10 ವರ್ಷ ಖಾಲಿಯಿದ್ದ ಮನೆಗೆ ಶೇ. 300ರವರೆಗೆ ಆಯಿತು. 2024ರ ಏಪ್ರಿಲಿನಿಂದ 2 ವರ್ಷದ ಅವಧಿಯನ್ನು ಒಂದೇ ವರ್ಷಕ್ಕೆ ಇಳಿಸಲಾಯಿತು. 2025ರ ಏಪ್ರಿಲಿನಿಂದ, ಬಿಡುವಿನ ದಿನಗಳಿಗೆಂದು ಸಜ್ಜುಗೊಳಿಸಿಟ್ಟ ಎರಡನೆಯ ಮನೆಗೂ ತೆರಿಗೆಯನ್ನು ಇಮ್ಮಡಿಗೊಳಿಸಲು ಅವಕಾಶವಾಯಿತು.

ವೇಲ್ಸ್ ನಾಡಿನಲ್ಲಿ ಈ ಸಂಕಟ ಇನ್ನೂ ತೀವ್ರವಾದುದು. ಅಲ್ಲಿನ ಗ್ವಿನೆದ್ ಪ್ರಾಂತದ ಕಡಲತೀರದ ಹಳ್ಳಿಗಳಲ್ಲಿ ಹೊರಗಿನ ಶ್ರೀಮಂತರು ಬೇಸಗೆಯ ಕೆಲವು ವಾರಗಳಿಗಾಗಿ ಮನೆಗಳನ್ನು ಕೊಂಡರು. ಬೆಲೆ ಏರಿತು, ಅಲ್ಲಿಯೇ ಹುಟ್ಟಿದ ತರುಣರಿಗೆ ತಮ್ಮೂರಿನಲ್ಲಿ ಸೂರು ದುರ್ಲಭವಾಯಿತು. ಮನೆಗಳಿದ್ದರೂ ಮಕ್ಕಳಿಲ್ಲದಾಗಿ ಅಬೆರ್ಸೋಖ್ ಎಂಬ ಹಳ್ಳಿಯ ಶಾಲೆ 2021ರ ಡಿಸೆಂಬರಿನಲ್ಲಿ ಮುಚ್ಚಿಹೋಯಿತು. ಗ್ವಿನೆದ್ ಸಭೆಯು 2023ರ ಏಪ್ರಿಲಿನಿಂದ ಎರಡನೆಯ ಮನೆಗಳ ಮೇಲೆ ಶೇ. 150ರಷ್ಟು ಹೆಚ್ಚಿನ ತೆರಿಗೆಯನ್ನು ವಿಧಿಸಿತು. ಒಬ್ಬನ ಅತಿಸಂಗ್ರಹವು ಮತ್ತೊಬ್ಬನ ನೆಲೆಯನ್ನು ಕಿತ್ತುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಖಾಲಿ ಇರುವ ಮನೆಯೆಲ್ಲವೂ ದೋಷವೆಂದು ಆ ಶಾಸನವೂ ಹೇಳುವುದಿಲ್ಲ. ಯಜಮಾನನು ತೀರಿಕೊಂಡು ಹಕ್ಕು ಇತ್ಯರ್ಥವಾಗುವ ಕಾಲದಲ್ಲಿಯೂ, ಮಾರಾಟಕ್ಕೋ ಬಾಡಿಗೆಗೋ ಇಟ್ಟಿರುವಾಗಲೂ ನಿಯತ ಅವಧಿಯ ವಿನಾಯಿತಿಗಳುಂಟು. ಇಷ್ಟಾದರೂ ತೆರಿಗೆಯ ಕೈ ಹಣದ ಚೀಲದವರೆಗೆ ಮಾತ್ರ ಚಾಚಬಲ್ಲದು. ಧನಿಕನು ನಾಲ್ಕು ಪಟ್ಟು ತೆತ್ತೂ ಬೀಗವನ್ನು ತೆಗೆಯದಿರಬಹುದು. ಮತ್ತೊಬ್ಬನು ತನ್ನ ಮನೆಯನ್ನು ಪ್ರವಾಸಿಗಳ ಬಾಡಿಗೆಮನೆಯೆಂದು ದಾಖಲಿಸಿ ತಪ್ಪಿಸಿಕೊಳ್ಳಬಹುದು. ಇದನ್ನು ತಡೆಯಲೆಂದೇ ವೇಲ್ಸಿನಲ್ಲಿ, ವರ್ಷಕ್ಕೆ 182 ದಿನ ನಿಜವಾಗಿ ಬಾಡಿಗೆಗೆ ಹೋದ ಮನೆಯನ್ನು ಮಾತ್ರ ಹಾಗೆ ಎಣಿಸಬೇಕೆಂದು 2023ರಲ್ಲಿ ಬಿಗಿಮಾಡಲಾಯಿತು.

ಇಂತಹ ಜಾಣತನವನ್ನು ಶ್ರಾವಕಾಚಾರವನ್ನು ವಿವರಿಸಿದ ಪ್ರಾಚೀನ ಪಂಡಿತರು ಎಂದೋ ಬಲ್ಲವರಾಗಿದ್ದರು. ಒಂದೇ ಮನೆಯೆಂದು ನಿಯಮ ಮಾಡಿದವನು ಪಕ್ಕದ ಮನೆಯನ್ನೂ ಕೊಂಡು, ನಡುಗೋಡೆಯನ್ನು ಕೆಡವಿ, ಎರಡನ್ನೂ ಒಂದೆಂದು ಎಣಿಸಿದರೆ ಅದು ಅತಿಚಾರವೇ ಎಂದರು. ಮಗನ ಹೆಸರಿಗೆ ಬರೆದು ಕೀಲಿಕೈಯನ್ನು ತಾನೇ ಇಟ್ಟುಕೊಳ್ಳುವವನ ಗತಿಯೂ ಇದೇ. ರಾಜನ ಲೆಕ್ಕದಲ್ಲಿ ಪಾರಾದವನು ಆತ್ಮನ ಲೆಕ್ಕದಲ್ಲಿ ಪಾರಾಗಲಾರನು.

ಇನ್ನೊಂದು ಸೂಕ್ಷ್ಮವೂ ಉಂಟು. ವರ್ಷಗಟ್ಟಲೆ ಮುಚ್ಚಿದ ಮನೆಯಲ್ಲಿ ಗೆದ್ದಲು, ಜೇಡ, ಬಾವಲಿಗಳು ನೆಲೆಗೊಳ್ಳುತ್ತವೆ. ಒಂದು ದಿನ ಬಾಗಿಲು ತೆರೆದು ಗುಡಿಸಿ ಸುಣ್ಣ ಬಳಿಯುವಾಗ ಅಸಂಖ್ಯಾತ ತ್ರಸಜೀವಿಗಳ ಘಾತವಾಗುತ್ತದೆ. ಲೋಭದಿಂದ ಹಾಕಿದ ಬೀಗವು ಕೊನೆಗೆ ಹಿಂಸೆಗೇ ಬಾಗಿಲಾಗುತ್ತದೆ.

ಇದು ಪರದೇಶದ ಮಾತೆಂದು ತಳ್ಳಿಬಿಡುವಂತಿಲ್ಲ. 2011ರ ಜನಗಣತಿಯಂತೆ ಭಾರತದ ನಗರಗಳಲ್ಲಿಯೇ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿಯಿದ್ದವು. ಪರ್ವದಿನದಲ್ಲಿ ಉಪವಾಸ ಮಾಡುವ ಗೃಹಸ್ಥನು ಹೊಟ್ಟೆಯನ್ನು ತಾನಾಗಿ ಖಾಲಿ ಇಡುತ್ತಾನೆ, ಅದು ತಪಸ್ಸು. ಅದೇ ಗೃಹಸ್ಥನು ಬೆಲೆ ಏರಲೆಂದು ಮನೆಯನ್ನು ಖಾಲಿ ಇಟ್ಟರೆ ಅದು ಲೋಭ. ಎರಡೂ ಖಾಲಿಯೇ, ಆದರೆ ಒಂದು ಕರ್ಮನಿರ್ಜರೆಗೆ ಕಾರಣ, ಇನ್ನೊಂದು ಕರ್ಮಬಂಧಕ್ಕೆ.

ಹಾಗಾದರೆ ಶ್ರಾವಕನು ಏನು ಮಾಡತಕ್ಕದ್ದು? ವ್ರತವನ್ನು ಸ್ವೀಕರಿಸುವಾಗ ಹೊನ್ನು ಹಣಗಳ ಜೊತೆಗೆ ಮನೆಗಳ ಸಂಖ್ಯೆಯನ್ನೂ ನಿಶ್ಚಯಿಸಿಕೊಳ್ಳಬೇಕು. ಆ ಪರಿಮಾಣಕ್ಕೆ ಮೀರಿದ ಮನೆಯನ್ನು ಬಿಟ್ಟುಕೊಡಬೇಕು. ಪರಿಮಾಣದೊಳಗಿನ ಮನೆಯೂ ಬರಿದೆ ಮುಚ್ಚಿರಬಾರದು. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನವಾಗಿ ಹೇಳಿದ್ದಾರೆ. ವ್ರತಿಗಳಿಗೆ ಭಕ್ತಿಯಿಂದ, ಪರಸ್ಥಳದಲ್ಲಿ ಓದುವ ಬಡ ವಿದ್ಯಾರ್ಥಿಗೆ, ಚಿಕಿತ್ಸೆಗೆ ಬಂದ ರೋಗಿಯ ಮನೆಯವರಿಗೆ ಕರುಣೆಯಿಂದ ಆ ಬಾಗಿಲು ತೆರೆಯಲಿ.

ದಶಲಕ್ಷಣಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯಧರ್ಮದ ಆರಾಧನೆ. ಯಾವುದೂ ನನ್ನದಲ್ಲವೆಂದು ಅಂದು ಬಸದಿಯಲ್ಲಿ ಭಾವಿಸುವ ಭವ್ಯಜೀವಿಯು, ಹಿಂದಿರುಗಿದ ಮೇಲೆ ತನ್ನಲ್ಲಿರುವ ಬೀಗದ ಕೈಗಳನ್ನು ಒಮ್ಮೆ ಎಣಿಸಿನೋಡಲಿ. ತೆರಿಗೆಯು ಬಲವಂತದಿಂದ ತೆರೆಸಬೇಕಾದ ಬಾಗಿಲನ್ನು ವ್ರತವು ಸಂತೋಷದಿಂದ ತೆರೆಸುತ್ತದೆ.